ಹಂಗಳದ ಹುಡುಗನ ಮೇಲೆ ನಾನು ಹಾಕಿದ ಕೇಸು

ಗುಂಡ್ಲುಪೇಟೆಯ ಮಾರುಕಟ್ಟೆಯಲ್ಲಿ ಒಬ್ಬ ಅಪರಿಚಿತನಿಗೆ ನಾನು ಹಿಗ್ಗಾಮುಗ್ಗಾ ಬೈದದ್ದರಿಂದ ಇದೆಲ್ಲ ಶುರುವಾಯಿತು. ಬೈಯುವುದು ನನಗೇನೂ ಹೊಸದಲ್ಲ. ಚಾಮರಾಜನಗರದ ಹೈಸ್ಕೂಲೊಂದರಲ್ಲಿ ಹದಿನಾಲ್ಕು ವರ್ಷದಿಂದ ಸಮಾಜ ವಿಜ್ಞಾನ ಕಲಿಸುತ್ತಿದ್ದೇನೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇದೆ ಎಂಬ ವಿಷಯದಲ್ಲಿ ನಮ್ಮ ಮನೆಯವರಿಗೂ ಸ್ಟಾಫ್ ರೂಮಿನವರಿಗೂ ಎರಡು ಮಾತಿಲ್ಲ. ಸಿಟ್ಟಿಗಿಂತ ದೊಡ್ಡ ರೋಗ ಇನ್ನೊಂದಿದೆ. ಎದುರಿನವರು ಮಾತು ಶುರು ಮಾಡಿದರೆ ಮುಗಿಸುವ ಕೆಲಸ ನನ್ನದು. ಅವರು "ಮೇಡಂ, ನಾಳೆ ನಾನು..." ಅನ್ನುವಷ್ಟರಲ್ಲಿ "ರಜಾ ತಾನೆ? ತಗೊಳ್ಳಿ" ಅಂದುಬಿಟ್ಟಿರುತ್ತೇನೆ. ಅವರಿಗೆ ಬೇಕಾದದ್ದು ರಜೆಯಲ್ಲ, ನನ್ನ ಛತ್ರಿ ಎಂದು ಆಮೇಲೆ ಗೊತ್ತಾಗುತ್ತದೆ.

ಆವತ್ತು ಗುಂಡ್ಲುಪೇಟೆಯಲ್ಲಿ ನಮ್ಮಕ್ಕನ ಹೊಸ ಮನೆಯ ಗೃಹಪ್ರವೇಶದ ಹಿಂದಿನ ದಿನ. ಒಂದು ಚೀಲ ಸಾಂಬಾರ್ ಈರುಳ್ಳಿ ತರಲು ನನ್ನನ್ನೇ ಅಟ್ಟಿದ್ದರು. ಮಾರುಕಟ್ಟೆಯ ಒಂದು ಮಂಡಿಯ ಮುಂದೆ ಜನ ಗುಂಪುಗಟ್ಟಿತ್ತು. ಮೂವತ್ತರ ಆಸುಪಾಸಿನ ಒಬ್ಬ ಈರುಳ್ಳಿ ಚೀಲಗಳ ಮೇಲೆ ನಿಂತು ಹರಾಜು ಕೂಗುತ್ತಿದ್ದ. "ಹದಿನೆಂಟು, ಹದಿನೆಂಟು, ಹದಿನೆಂಟೂವರೆ, ಪದಿನೆಟ್ಟರ ಚೇಟ್ಟಾ ಪದಿನೆಟ್ಟರ, ನೋಡಿ ಸ್ವಾಮಿ ನೋಡಿ, ಒಂದ್ಸಾರಿ, ಎರಡ್ಸಾರಿ..." ಕನ್ನಡ, ಮಲಯಾಳ, ತಮಿಳು ಮೂರೂ ಒಂದೇ ಉಸಿರಿನಲ್ಲಿ. ಉಸಿರು ಎಲ್ಲಿ ತೆಗೆದುಕೊಳ್ಳುತ್ತಾನೆ ಎಂಬುದೇ ಗೊತ್ತಾಗುತ್ತಿರಲಿಲ್ಲ. ಅಬ್ಬಾ, ನಮ್ಮ ಶಾಲೆಯ ಭಾಷಣ ಸ್ಪರ್ಧೆಗೆ ತೀರ್ಪುಗಾರನಾಗಿ ಇವನನ್ನೇ ಕರೆಸಬೇಕು ಅಂದುಕೊಂಡೆ.

ಹರಾಜು ಮುಗಿಯಿತು. ಅವನು ಕೆಳಗಿಳಿದಾಗ ಕೇಳಿದೆ: "ಏನಪ್ಪಾ, ಇದರಲ್ಲಿ ಒಂದು ಚೀಲ ಮನೆ ಖರ್ಚಿಗೆ ಕೊಡ್ತೀಯಾ?"

ಅವನು ನನ್ನ ಮುಖ ನೋಡಿದ. "ಕೊ... ಕೊ... ಕೊ..." ಅಂದ. ಕಣ್ಣು ಮುಚ್ಚಿಕೊಂಡು ಮತ್ತೆ "ಕೊ... ಕೊ..." ಅಂದ.

ನಿಮಿಷದ ಕೆಳಗೆ ಮೂರು ಭಾಷೆಯಲ್ಲಿ ಪಟಪಟ ಅಂದವನು ಈಗ ನನ್ನ ಮುಂದೆ ಹೀಗೆ ಮಾಡಿದರೆ ಏನರ್ಥ? ನನಗೆ ರೇಗಿಹೋಯಿತು. "ಏನಯ್ಯಾ, ಹೆಂಗಸು ಒಬ್ಬಳೇ ಬಂದಿದ್ದಾಳೆ ಅಂತ ಕೋಳಿ ಕೂಗಿದ ಹಾಗೆ ಅಣಕಿಸ್ತೀಯಾ? ಮನೇಲಿ ಅಕ್ಕ ತಂಗಿ ಇಲ್ವಾ ನಿಂಗೆ?" ಅಂತ ಶುರು ಮಾಡಿದವಳು ಹತ್ತು ಜನ ತಿರುಗಿ ನೋಡುವ ತನಕ ನಿಲ್ಲಿಸಲಿಲ್ಲ. ಅವನು ತಲೆ ತಗ್ಗಿಸಿ ನಿಂತಿದ್ದ. ಚೀಲ ಹೊರುತ್ತಿದ್ದ ಹಮಾಲಿಯೊಬ್ಬ ಚೀಲ ಕೆಳಗಿಟ್ಟು ಹತ್ತಿರ ಬಂದ.

"ಅಂವ ತಮಾಷಿ ಮಾಡ್ತಿಲ್ಲ ಕಣಕ್ಕೋ. ಅಂವ ಮಾತಾಡದೇ ಹಂಗ. ಕೂಗುವಾಗ ಮಾತ್ರ ಸಲೀಸು" ಅಂದ.

ಎಂಥ ಕೆಲಸ ಮಾಡಿದೆ ಎಂದು ನಾಚಿಕೆಯಾಯಿತು. ಅಷ್ಟಾದರೂ ಹರಾಜಿನವನೇ ಒಂದು ಚೀಲವನ್ನು ಆಟೋಗೆ ಹಾಕಿಸಿಕೊಟ್ಟ. ಆಟೋ ಹೊರಟ ಮೇಲೆ ನನ್ನ ತಲೆಯಲ್ಲಿ ಎರಡನೆಯ ಯೋಚನೆ ಬಂತು. ಅದು ಮೊದಲಿನದಕ್ಕಿಂತ ನಾಚಿಕೆಗೇಡಿನದು. ಸಿಕ್ಕಿತು ನನ್ನ ಕೇಸು, ಅಂದುಕೊಂಡೆ.

ವಿಷಯ ಏನೆಂದರೆ, ನಲವತ್ತು ತುಂಬುವ ಹೊತ್ತಿನಲ್ಲಿ ನನಗೆ ಮನಃಶಾಸ್ತ್ರದ ಎಂ.ಎ. ಮಾಡುವ ಹುಚ್ಚು ಹಿಡಿದಿತ್ತು. ಅಂಚೆ ತೆರಪಿನ ಕೋರ್ಸು. ಕೊನೆಯ ವರ್ಷ ಒಂದು ಕೇಸ್ ಸ್ಟಡಿ ಬರೆದು ಒಪ್ಪಿಸಬೇಕು. ಕನ್ನಡದ ಪುಸ್ತಕದಲ್ಲಿ ಅದನ್ನು ಪ್ರಕರಣ ಅಧ್ಯಯನ ಎನ್ನುತ್ತಾರೆ. ನೂರು ಜನಕ್ಕೆ ಪ್ರಶ್ನೆಪತ್ರಿಕೆ ಹಂಚಿ ಶೇಕಡಾವಾರು ತೆಗೆಯುವುದು ಒಂದು ದಾರಿ. ಒಬ್ಬನೇ ಮನುಷ್ಯನನ್ನು ತಿಂಗಳುಗಟ್ಟಲೆ ನೋಡಿ, ಅವನ ಮನೆ, ಕೆಲಸ, ಬಾಲ್ಯ, ಸುತ್ತಲಿನವರ ಮಾತು ಎಲ್ಲ ಕೇಳಿ ಬರೆಯುವುದು ಇನ್ನೊಂದು. ನನಗೆ ಮಾರ್ಗದರ್ಶನ ಮಾಡಲು ಒಬ್ಬರು ನಿವೃತ್ತ ಮೇಷ್ಟ್ರು ಸಿಕ್ಕಿದ್ದರು. ಚಾಮರಾಜನಗರದಲ್ಲಿ ನಮ್ಮ ಮನೆಯಿಂದ ಎರಡು ಬೀದಿ ಆಚೆ ಅವರ ಮನೆ. ಅವರದು ಮೆತ್ತನೆಯ ಮಾತು, ಕೈಯಲ್ಲಿ ಸದಾ ಒಂದು ಮೊಂಡು ಪೆನ್ಸಿಲು.

ಅವರನ್ನು ಮೊದಲ ದಿನವೇ ಕೆಣಕಿದ್ದೆ. "ಸಾರ್, ಒಬ್ಬನನ್ನು ನೋಡಿದರೆ ಎಲ್ಲರ ಬಗ್ಗೆ ಹೇಳಬಹುದು ತಾನೆ? ಅನ್ನ ಬೆಂದಿದೆಯಾ ಅಂತ ನೋಡೋಕೆ ಒಂದು ಅಗುಳು ಹಿಸುಕಿದರೆ ಸಾಕು ಅಂತಾರಲ್ಲ."

"ಆ ಗಾದೆ ಒಂದೇ ಪಾತ್ರೆಯಲ್ಲಿ ಬೆಂದ ಅನ್ನಕ್ಕೆ ಅಮ್ಮ" ಅಂದರು ಮೇಷ್ಟ್ರು. "ಮನುಷ್ಯರು ಹಾಗಲ್ಲ, ಒಬ್ಬೊಬ್ಬರದೂ ಒಂದೊಂದು ಪಾತ್ರೆ."

"ಹಾಗಾದರೆ ಒಬ್ಬನನ್ನು ನೋಡಿ ಏನು ಪ್ರಯೋಜನ ಸಾರ್?"

"ಎರಡನೆಯವನನ್ನು ನೋಡೋಕೆ ಹೋದಾಗ ಏನು ಕೇಳಬೇಕು, ಏನು ಕೇಳಬಾರದು ಅಂತ ಗೊತ್ತಾಗುತ್ತೆ. ಹೋಗಿ ಮೊದಲು ಒಬ್ಬರನ್ನು ಹುಡುಕಿ."

ಹೀಗೆ ಹುಡುಕುತ್ತಿದ್ದಾಗಲೇ ಈರುಳ್ಳಿ ತರಲು ಹೋಗಿದ್ದು. ಮುಂದಿನ ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ನೇರ ಗುಂಡ್ಲುಪೇಟೆಯ ಬಸ್ಸು ಹತ್ತಿದೆ. ಅವನು ಮಂಡಿಯ ಪಕ್ಕದ ಟೀ ಅಂಗಡಿಯಲ್ಲಿ ಕೂತಿದ್ದ. ನನ್ನನ್ನು ಕಂಡವನೇ ಎದ್ದು ನಿಂತ, ಪಾಪ, ಇನ್ನೊಂದು ಕಂತು ಬೈಗುಳ ಬಂತು ಅಂದುಕೊಂಡಿರಬೇಕು. ನಾನು ತಪ್ಪಾಯಿತು ಅಂದೆ. ಅವನು ನಕ್ಕ. ಆಮೇಲೆ ವಿಷಯ ಹೇಳಿದೆ. ಇಷ್ಟವಿಲ್ಲದಿದ್ದರೆ ಬೇಡ, ಯಾವಾಗ ಬೇಕಾದರೂ ಬೇಡ ಅನ್ನಬಹುದು, ಹೆಸರು ಎಲ್ಲೂ ಬರುವುದಿಲ್ಲ ಎಂದೆಲ್ಲ ವಿವರಿಸಿದೆ. ಅವನು "ಬ... ಬರೀರಿ ಅಕ್ಕ. ನನ್ ಬಗ್ಗೆ ಬ್ಯಾರೆ ಯಾ... ಯಾರು ಬರೀತಾರ?" ಅಂದ. ಒಪ್ಪಿಗೆ ಪತ್ರಕ್ಕೆ ರುಜು ಹಾಕಿದ.

ಅವನ ಊರು ಹಂಗಳ. ಬಂಡೀಪುರದ ಕಾಡಿಗೆ ಹತ್ತಿರದ ಊರು. ಅಪ್ಪ ಅಮ್ಮನಿಗೆ ಹೊಲದ ಕೆಲಸ, ಇವನಿಗೆ ಹನ್ನೆರಡು ವರ್ಷದಿಂದ ಮಂಡಿಯ ಕೆಲಸ. ಎರಡನೆಯ ವಾರ ಅವನ ಬೈಕಿನಲ್ಲೇ ಅವರ ಮನೆಗೆ ಹೋದೆ. ಅವನ ತಾಯಿ ನನ್ನನ್ನು ಕೂರಿಸಿ, ನನ್ನ ದಪ್ಪ ಫೈಲು ನೋಡಿ ದಂಗಾದರು.

"ಇಷ್ಟು ದಪ್ಪ ಪುಸ್ತಕದಾಗ ನನ್ ಮಗನ್ ಕತೇನಾ? ಹೆಸ್ರು ಎಲ್ಲಿ ಅದ ತೋರ್ಸಿ."

"ಹೆಸರು ಬರೆಯೋ ಹಾಗಿಲ್ಲಮ್ಮ."

"ಅಯ್ಯೋ, ಹೆಸ್ರಿಲ್ದೆ ಬರದ್ರ ಅದೇನ್ ಬರ್ದಂಗವ್ವ? ಲಗ್ನಪತ್ರಿಕೆಲಿ ಗಂಡಿನ್ ಹೆಸ್ರೇ ಹಾಕ್ದೆ ಇದ್ದಂಗ ಆಯ್ತು!" ಅವರಿಗೆ ಈ ಬೇಸರ ಇವತ್ತಿಗೂ ಹೋಗಿಲ್ಲ. ಇದನ್ನು ಬರೆಯುತ್ತೇನೆ ಎಂದು ಒಪ್ಪಿಗೆ ಕೇಳಲು ಮೊನ್ನೆ ಫೋನ್ ಮಾಡಿದಾಗಲೂ ಅವರು ಕೇಳಿದ ಮೊದಲ ಪ್ರಶ್ನೆ, "ಈ ಸಲನಾದ್ರೂ ಹೆಸ್ರು ಹಾಕ್ತೀರಾ?"

ಮಗನ ಮಾತು ಯಾಕೆ ಹೀಗಾಯಿತು ಎಂದರೆ ತಾಯಿಗೆ ಅನುಮಾನವೇ ಇರಲಿಲ್ಲ. "ಮಗೀಗ ಬಜೆ ತೇದು ನಾಲ್ಗಗ ತಿಕ್ಬೇಕು ಕಣವ್ವ, ಮಾತು ಚೂಟಿ ಆಯ್ತದ. ಇವನ್ಗ ತಿಕ್ಕಾದ ಮರ್ತ್ಬುಟ್ಟೆ. ಆಗ ಸುಗ್ಗಿ ಕಾಲ, ಕೆಲ್ಸ ಜಾಸ್ತಿ." ಪಕ್ಕದ ಮನೆಯವರು ಅದೆಲ್ಲ ಸುಳ್ಳು, ಹುಡುಗ ಐದು ವರ್ಷದವನಿದ್ದಾಗ ಹಿತ್ತಲಿಗೆ ಬಂದ ಆನೆಯನ್ನು ಕಂಡು ಬೆದರಿದ್ದೇ ಕಾರಣ ಎಂದರು. ಊರಿನ ಟೀ ಅಂಗಡಿಯವರು ಇಬ್ಬರ ಮಾತನ್ನೂ ತಳ್ಳಿಹಾಕಿ, ಹುಡುಗ ಸಣ್ಣವನಿದ್ದಾಗ ತೊದಲುವ ಮೇಷ್ಟ್ರೊಬ್ಬರನ್ನು ಅಣಕಿಸುತ್ತಿದ್ದ, ಅದೇ ಅಂಟಿಕೊಂಡಿತು ಎಂದು ತೀರ್ಪು ಕೊಟ್ಟರು. ಎಲ್ಲ ಬರೆದುಕೊಂಡೆ. ಒಬ್ಬನ ಬಗ್ಗೆ ಮೂವರ ಹತ್ತಿರ ಕೇಳಬೇಕು ಎಂದು ಪುಸ್ತಕದಲ್ಲಿದೆ. ಮೂವರೂ ಮೂರು ಹೇಳಿದರೆ ಏನು ಮಾಡಬೇಕು ಎಂದು ಮಾತ್ರ ಪುಸ್ತಕದಲ್ಲಿ ನನಗೆ ಸಿಗಲಿಲ್ಲ.

ಅವನ ಜೊತೆಗಿನ ಮಾತನ್ನೆಲ್ಲ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು, ಮನೆಯಲ್ಲಿ ಕೂತು ಅಕ್ಷರಕ್ಕಿಳಿಸುತ್ತಿದ್ದೆ. ಒಂದು ಭಾಗ ನನಗೆ ತುಂಬ ಹೆಮ್ಮೆ ತಂದಿತ್ತು. ಬಾಲ್ಯದ ಬಗ್ಗೆ ಕೇಳಿದಾಗ ಅವನು "ಸಣ್ಣವ್ನಾಗಿದ್ದಾಗ ನಮ್ಮಪ್ಪ ನನ್ನ ಒ... ಒ..." ಅಂದಿದ್ದ. ನಾನು "ಹೊಡೀತಿದ್ರಾ?" ಅಂದೆ. ಅವನು "ಹೂಂ" ಅಂದ. ಆಹಾ, ಬಜೆಯಲ್ಲ, ಆನೆಯಲ್ಲ, ಇಲ್ಲಿದೆ ನೋಡು ಕಾರಣ! ತಂದೆಯ ಕಠಿಣ ಶಿಸ್ತು ಮತ್ತು ಮಗುವಿನ ಮಾತಿನ ಮೇಲೆ ಅದರ ಪರಿಣಾಮ ಎಂದು ನಾಲ್ಕು ಪುಟ ಗೀಚಿ ಮೇಷ್ಟ್ರಿಗೆ ಕೊಟ್ಟೆ.

ಮೇಷ್ಟ್ರು ನಾಲ್ಕು ಪುಟಕ್ಕೆ ಕೈಹಚ್ಚಲೇ ಇಲ್ಲ. ನಾನು ಅಕ್ಷರಕ್ಕಿಳಿಸಿದ ಮಾತುಕತೆಯನ್ನು ಎಳೆದುಕೊಂಡು, ಮೊಂಡು ಪೆನ್ಸಿಲಿನಿಂದ ಅಲ್ಲಲ್ಲಿ ಸುತ್ತು ಹಾಕುತ್ತ ಹೋದರು. "ಹೊಡೀತಿದ್ರಾ" ಎಂಬಲ್ಲಿ ಒಂದು ಸುತ್ತು. ಪುಟದಲ್ಲಿ ಇಂಥವು ಹದಿನೈದಿಪ್ಪತ್ತು.

"ಇವೆಲ್ಲ ಯಾರ ಮಾತು?"

"ನಂದು ಸಾರ್. ಅವನಿಗೆ ಕಷ್ಟ ಆಗ್ತಿತ್ತು, ಸಹಾಯ ಮಾಡಿದೆ."

"ಹಾಗಾದರೆ ಈ ಕೇಸ್ ಸ್ಟಡಿ ಯಾರದು?"

ನನಗೆ ಸಿಟ್ಟು ಬಂತು. ಮನೆಗೆ ಬಂದು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಎಲ್ಲ ರೆಕಾರ್ಡಿಂಗನ್ನೂ ಮತ್ತೆ ಕೇಳಿದೆ. ಕೇಳುತ್ತ ಕೇಳುತ್ತ ಸಿಟ್ಟು ಇಳಿಯಿತು. ಅವನು ಒಂದು ಅಕ್ಷರದಲ್ಲಿ ಸಿಕ್ಕಿಕೊಂಡರೆ ನಾನು ಅವಸರದಿಂದ ಪದ ಎಸೆಯುತ್ತಿದ್ದೆ. ಎಸೆದ ಮೇಲೆ ಅವನು ಇನ್ನಷ್ಟು ತೊದಲುತ್ತಿದ್ದ. ನಾನು ನೀರು ಕುಡಿಯಲು ಎದ್ದುಹೋದಾಗ, ಮನೆಯ ನಾಯಿಯ ಜೊತೆ ಅವನು ಆಡಿದ ಎರಡು ಮಾತೂ ಅದರಲ್ಲಿ ದಾಖಲಾಗಿದ್ದವು. ಅಲ್ಲಿ ಒಂದು ತಡೆಯೂ ಇಲ್ಲ.

ಆ ಶನಿವಾರ ಹೋಗಿ ಕೂತವಳು ಮೊದಲು ಕೇಳಿದೆ: "ಆವತ್ತು ನಿಮ್ಮಪ್ಪನ ಬಗ್ಗೆ ನೀನು ಹೇಳೋಕೆ ಹೊರಟಿದ್ದು ಏನು? ನಾನು ಮಧ್ಯೆ ಬಾಯಿ ಹಾಕಲ್ಲ."

ಬಹಳ ಹೊತ್ತು ಹಿಡಿಯಿತು. ನನ್ನ ನಾಲಿಗೆಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದುಕೊಂಡಿದ್ದೆ. "ಒ... ಒ... ಒತ್ಕಂಡ್ ತಿರುಗ್ತಿದ್ರು" ಅಂದ ಕೊನೆಗೆ. "ಹೆಗಲ್ ಮ್ಯಾಲ. ಊರೆಲ್ಲ."

ಹೊತ್ತುಕೊಂಡು ತಿರುಗುತ್ತಿದ್ದ ಅಪ್ಪನನ್ನು ನಾನು ನಾಲ್ಕು ಪುಟ ಹೊಡೆಯುವ ಅಪ್ಪನನ್ನಾಗಿ ಮಾಡಿದ್ದೆ! ಆ ಸಾಧು ಮನುಷ್ಯ ಅಷ್ಟು ಹೊತ್ತೂ ಜಗಲಿಯಲ್ಲಿ ಕೂತು ನನಗೋಸ್ಕರ ಅವರೆಕಾಯಿ ಸುಲಿಯುತ್ತಿದ್ದರು.

"ಮತ್ತೆ ಹೂಂ ಯಾಕಂದೆ ಮಾರಾಯ?"

"ಎಲ್ರೂ ಹಂಗೇ ಅಕ್ಕ. ಅ... ಅವ್ರೇ ಮುಗ್ಸ್‌ಬುಡ್ತಾರ. ನಾನು ಹೂಂ ಅಂದ್ಬುಡ್ತೀನಿ. ಬೇಗ ಮು... ಮುಗೀತದ." "ನನ್ ಮಾತು ಅರ್ಧಕ್ಕರ್ಧ ಬ್ಯಾ... ಬ್ಯಾರೇವ್ರು ಆಡಿದ್ದೇ" ಅಂದ. ಅದನ್ನೂ ನಗುತ್ತಲೇ ಹೇಳಿದ. ನಾನು ಆ ನಾಲ್ಕು ಪುಟವನ್ನು ಅಲ್ಲೇ ಹರಿದು ಅವರ ಒಲೆಗೆ ಹಾಕಿದೆ.

ಅಲ್ಲಿಂದ ಮುಂದೆ ನಮ್ಮ ಕೆಲಸ ಸರಾಗವಾಯಿತು. ಅವನು ಮಾತಾಡುತ್ತಿದ್ದ, ನಾನು ಕಾಯುತ್ತಿದ್ದೆ. ಒಂದು ದಿನ ತಾನಾಗಿ ಒಂದು ಗುಟ್ಟು ಹೇಳಿದ. ಹೋದ ಭಾನುವಾರ ಹೆಣ್ಣು ನೋಡಲು ಹೋಗಿದ್ದರಂತೆ. ಹೆಣ್ಣು ಹರದನಹಳ್ಳಿಯವಳು, ಅದೇ ಊರಿನ ಡೇರಿಯಲ್ಲಿ ಹಾಲು ಪರೀಕ್ಷೆ ಮಾಡುವ ಕೆಲಸ. ಇದಕ್ಕೆ ಮೊದಲು ಮೂರು ಸಂಬಂಧ ಇವನು ಬಾಯಿ ಬಿಟ್ಟ ಕೂಡಲೇ ಮುರಿದಿದ್ದವು. ಅದಕ್ಕೇ ಈ ಸಲ ತಾಯಿ ಮೊದಲೇ ತಾಕೀತು ಮಾಡಿದ್ದರು. "ಬಾಯ್ ಬುಡ್ಬ್ಯಾಡ ಕಣ್ಲಾ. ಸಾವಿರ ಸುಳ್ಳು ಹೇಳಿ ಒಂದ್ ಮದುವ ಮಾಡು ಅಂತಾರ, ನೀನು ಒಂದೂ ಸುಳ್ಳು ಹೇಳ್ಬ್ಯಾಡ, ಸುಮ್ನ ಕೂತಿರು ಸಾಕು."

"ಹುಡುಗಿ ಕಾಫಿ ಕೊಟ್ಟು ಸಕ್ಕರೆ ಸಾಕಾ ಅಂತ ಕೇ... ಕೇಳಿದ್ರು. ತಲೆ ಆಡಿಸ್ದೆ" ಅಂದ.

"ಸಾಕಾಗಿತ್ತಾ?"

"ಸ... ಸಕ್ರೇನೇ ಹಾಕಿರ್ನಿಲ್ಲ ಅಕ್ಕ!"

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಕ್ಕು ಸುಸ್ತಾದ ಮೇಲೆ ಅವನು ಚೀಲದ ಹುರಿ ಎಳೆಯುತ್ತ, ಆ ಹುಡುಗಿ ನನಗೆ ಇಷ್ಟ ಅಕ್ಕ ಅಂದ. ಆ ಮಾತಿಗೆ ಅವನು ಎಲ್ಲೂ ತಡವರಿಸಲಿಲ್ಲ.

ಹತ್ತು ದಿನ ಕಳೆದಿರಬೇಕು. ಸ್ಟಾಫ್ ರೂಮಿನಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದಾಗ ಅವನ ತಾಯಿಯ ಫೋನು ಬಂತು.

"ಏನ್ ಮಾಡ್ಬುಟ್ರಿ ಮೇಡಮ್ಮೋರೆ! ಹರದನಹಳ್ಳಿಯವ್ರು ಬ್ಯಾಡ ಅಂದ್ಬುಟ್ರು. ನನ್ ಮಗನ್ ಮ್ಯಾಲ ಕೇಸ್ ಅದಂತ!"

ಆದದ್ದು ಇಷ್ಟು. ಹೆಣ್ಣು ಕೊಡುವವರು ಗಂಡಿನ ಬಗ್ಗೆ ನಾಲ್ಕು ಕಡೆ ವಿಚಾರಿಸುವುದು ವಾಡಿಕೆ. ಹುಡುಗಿಯ ತಂದೆ ಯಾರಿಗೂ ಹೇಳದೆ ಹಂಗಳಕ್ಕೆ ಬಂದು ಟೀ ಅಂಗಡಿ, ಕ್ಷೌರದಂಗಡಿ, ಪಕ್ಕದ ಮನೆ, ಎಲ್ಲ ಕಡೆ ಕೇಳಿದ್ದಾರೆ. ನಿಜ ಹೇಳಬೇಕೆಂದರೆ ಅವರು ಮಾಡಿದ್ದೂ ಕೇಸ್ ಸ್ಟಡಿಯೇ, ನನಗಿಂತ ಚೆನ್ನಾಗಿ, ಒಂದೇ ದಿನದಲ್ಲಿ. ಇವನ ತೊದಲಿನ ಬಗ್ಗೆ ಊರಿನವರು ಒಬ್ಬರೂ ಬಾಯಿ ಬಿಟ್ಟಿಲ್ಲ, ಮದುವೆ ಆಗಲಿ ಪಾಪ ಎಂದು. ಆದರೆ ಟೀ ಅಂಗಡಿಯವರು ಹೊಗಳುವ ಭರದಲ್ಲಿ, "ಹುಡ್ಗ ಬಂಗಾರ. ಏನೋ ಒಂದ್ ಕೇಸ್ ನಡೀತಾ ಅದ, ಚಾಮರಾಜನಗರದಿಂದ ಒಬ್ರು ಮೇಡಮ್ಮು ವಾರವಾರ ಬಂದು ಎಲ್ರ ಹೇಳ್ಕೆ ಬರ್ಕಂಡ್ ಓಯ್ತಾರ, ನನ್ದೂ ಬರ್ಕಂಡವ್ರ" ಎಂದು ಹೆಮ್ಮೆಯಿಂದ ಹೇಳಿದ್ದಾರೆ. ಅಷ್ಟು ಸಾಲದೆ? ಇಲಿ ಹೋಯಿತು ಅಂದರೆ ಹುಲಿ ಹೋಯಿತು ಅನ್ನುವ ಜನ. ಹರದನಹಳ್ಳಿ ತಲುಪುವ ಹೊತ್ತಿಗೆ ನಾನು ಪೊಲೀಸಿನವಳಾಗಿದ್ದೆ.

ತಪ್ಪು ನನ್ನದೇ. ಕೇಸ್ ಸ್ಟಡಿ, ಕೇಸ್ ಸ್ಟಡಿ ಎಂದು ಹಂಗಳದ ತುಂಬ ಹೇಳಿಕೊಂಡು ತಿರುಗಿದವಳು ನಾನು. ಅಳು ಬಂದಂತಾಯಿತು. ಮಧ್ಯಾಹ್ನದ ಮೇಲೆ ರಜೆ ಹಾಕಿ ಗುಂಡ್ಲುಪೇಟೆಗೆ ಓಡಿದೆ. ಅವನು ಬೈದಿದ್ದರೆ ಹಗುರಾಗುತ್ತಿತ್ತು. "ಮೂರು ಸಂಬಂಧ ನನ್ ನಾ... ನಾಲ್ಗಿಂದ ತಪ್ಪೋದೊ. ಇದು ನಿಮ್ ನಾಲ್ಗಿಂದ" ಅಂದು ನಕ್ಕ. ನನಗೆ ನಗಲಾಗಲಿಲ್ಲ. ವರದಿಯನ್ನೇ ಕೈಬಿಡುತ್ತೇನೆ ಎಂದೆ. ಬೇಡ ಅಂದ. "ಹರದನಹಳ್ಳಿಗೇ ಓ... ಓಗಿ ಹೇಳನ" ಅಂದ.

ಮೇಷ್ಟ್ರಿಗೆ ಫೋನ್ ಮಾಡಿದೆ. "ಮೊದಲ ಪಾಠದಲ್ಲೇ ಇದೆ ಅಮ್ಮ, ನಮ್ಮ ಅಧ್ಯಯನದಿಂದ ಆ ಮನುಷ್ಯನಿಗೆ ಕೆಡುಕಾಗಬಾರದು ಅಂತ. ಹೋಗಿ ಸರಿಮಾಡಿ. ಆದರೆ ಅವನ ತೊದಲಿನ ವಿಷಯ ನೀವು ಎತ್ತಬೇಡಿ. ಅದು ಅವನು ಹೇಳಬೇಕಾದದ್ದು" ಅಂದರು.

ಭಾನುವಾರ ಬೆಳಿಗ್ಗೆ ಅವನೂ ಅವನ ತಾಯಿಯೂ ಚಾಮರಾಜನಗರಕ್ಕೆ ಬಂದರು. ತಂದೆ ಹೊಲ ಕಾಯಲು ಉಳಿದಿದ್ದರು, ಹಂದಿ ಕಾಟ. ಮೂವರೂ ಹರದನಹಳ್ಳಿಯ ಬಸ್ಸು ಹತ್ತಿದೆವು. ದಾರಿಯಲ್ಲಿ ನಾನು ಸುಮ್ಮನಿರಬೇಕಿತ್ತು. ಇರಲಿಲ್ಲ. ಹರಾಜಿನ ಲಯದಲ್ಲಿ ಅವನು ಯಾವ ಮಾತನ್ನಾದರೂ ತಡೆಯಿಲ್ಲದೆ ಹೇಳಬಲ್ಲ ಎಂದು ನಾನು ಆಗಲೇ ಕಂಡುಕೊಂಡಿದ್ದೆ. "ನೋಡು, ಅಲ್ಲಿ ಹರಾಜು ಕೂಗೋ ಹಾಗೇ ಮಾತಾಡಿಬಿಡು. ತೊದಲು ಗೊತ್ತೇ ಆಗಲ್ಲ" ಎಂದು ಹೇಳಿಕೊಟ್ಟೆ. ತಾಯಿಯೂ "ಹಂಗೇ ಮಾಡ್ಲಾ ಮಗ, ಮೇಡಮ್ಮೋರು ಓದ್ದೋರು" ಅಂದರು. ಅವನು ಹೂಂ ಅಂದ.

ಹುಡುಗಿಯ ತಂದೆ ಮರ್ಯಾದೆಯಿಂದಲೇ ಚಾಪೆ ಹಾಸಿ ಕೂರಿಸಿದರು. ನೀರು ಕೊಟ್ಟರು. ಕಾಫಿಯ ಸುದ್ದಿ ಎತ್ತಲಿಲ್ಲ. ಹುಡುಗಿ ಒಳಬಾಗಿಲ ಹತ್ತಿರ ನಿಂತಿದ್ದಳು, ಡೇರಿಯಿಂದ ಆಗಷ್ಟೇ ಬಂದಂತಿತ್ತು, ಕೈ ಇನ್ನೂ ಒದ್ದೆ.

"ಬ್ಯಾಸರ ಮಾಡ್ಕಬ್ಯಾಡಿ ಮೇಡಮ್ಮೋರೆ. ಕೇಸು ಕೋರ್ಟು ಅಂತ ಇರೋ ಮನಗ ಹೆಣ್ ಹೆಂಗ ಕೊಡದು?" ಅಂದರು ತಂದೆ.

"ಇದು ಆ ಥರ ಕೇಸ್ ಅಲ್ಲ ಸ್ವಾಮಿ. ಓದೋರು ಮಾಡೋ ಕೆಲಸ. ಕನ್ನಡದಲ್ಲಿ ಪ್ರಕರಣ ಅಧ್ಯಯನ ಅಂತಾರೆ."

"ಪ್ರಕರಣ ಅಂದ್ರೂ ಕೇಸೇ ಅಲ್ವಾ? ದಿನಾ ಪೇಪರ್ ಓದ್ತೀನಿ ನಾನು. ಪ್ರಕರಣ ದಾಖಲು ಅಂತ್ಲೇ ಹಾಕಿರ್ತಾರ."

"ಹಾಗಲ್ಲ, ಇವರ ಮಾತಿನ ಬಗ್ಗೆ ಸ್ವಲ್ಪ..." ಎಂದವಳು ಮೇಷ್ಟ್ರ ಎಚ್ಚರಿಕೆ ನೆನಪಾಗಿ ನಿಲ್ಲಿಸಿದೆ.

"ಮಾತಾ? ಯಾರ್ಗಾದ್ರೂ ಬೈದಿದ್ನಾ? ಈಗ ಬೈದ್ರೂ ಕೇಸಾಯ್ತದ."

ಬೈದವಳು ನಾನು ಸ್ವಾಮಿ ಅನ್ನಲೆ? ತಡಬಡಾಯಿಸಿ ಫೈಲನ್ನೇ ಬಿಚ್ಚಿ ಅವರ ಮುಂದಿಟ್ಟೆ. ಅವರು ಕನ್ನಡಕ ಹಾಕಿಕೊಂಡು ಗಟ್ಟಿಯಾಗಿ ಓದಿದರು. "ಪ್ರಕರಣ ಸಂಖ್ಯೆ, ಒಂದು. ಹೆಸರು, ಗೌಪ್ಯ." ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಒಂದು ಅಂದ್ರ ಇನ್ನೂ ಎರಡು ಮೂರು ಅವ? ಹೆಸ್ರನ್ನೇ ಮುಚ್ಚಿಟ್ಟಿರಾದು ನೋಡುದ್ರ ದೊಡ್ಡದೇ ಇರ್ಬೇಕು."

ನನ್ನ ಹದಿನಾಲ್ಕು ವರ್ಷದ ಪಾಠ, ಎಂ.ಎ., ಎಲ್ಲ ಅಲ್ಲೇ ಮಕಾಡೆ ಬಿತ್ತು. ಸಂಬಂಧವೂ ಮುರಿದಂತೆಯೇ ಕಂಡಿತು. ಆಗ ಅವನು ಎದ್ದು ನಿಂತ.

"ಕೇಳಿ ಸ್ವಾಮಿ ಕೇಳಿ" ಎಂದು ಶುರು ಮಾಡಿದ. ಮಂಡಿಯ ದನಿ, ತುಂಬು ದನಿ. "ಕೇಸಿಲ್ಲ ಸ್ವಾಮಿ ಕೋರ್ಟಿಲ್ಲ, ಠಾಣೆ ಮೆಟ್ಲು ಹತ್ತಿಲ್ಲ, ಹಂಗಳದ ಊರು, ಗುಂಡ್ಲುಪೇಟೆ ಮಂಡಿ, ಹನ್ನೆರಡು ವರ್ಷದ ಕೆಲಸ, ಕುಡಿಯಾದಿಲ್ಲ ಸೇದಾದಿಲ್ಲ, ನೋಡಿ ಸ್ವಾಮಿ ನೋಡಿ..." ಬೀದಿಯಲ್ಲಿ ಹೋಗುತ್ತಿದ್ದವರು ಬಾಗಿಲಲ್ಲಿ ಇಣುಕಿದರು. ಹುಡುಗಿಯ ತಂದೆಯ ಮುಖ ಅರಳಿತು. ಅವನ ತಾಯಿ ಖುಷಿಗೆ ನನ್ನ ತೊಡೆ ಚಿವುಟಿದರು. ನಾನು ಗೆದ್ದೆವು ಅಂದುಕೊಂಡೆ.

"ಒಂದ್ಸಾರಿ, ಎರಡ್ಸಾರಿ" ಎಂದವನು ಅಲ್ಲಿಗೆ ನಿಲ್ಲಿಸಿಬಿಟ್ಟ. ಬಾಗಿಲ ಕಡೆ ನೋಡಿದ. ಮತ್ತೆ ಚಾಪೆಯ ಮೇಲೆ ಕೂತ.

"ಇ... ಇದು ಮಂಡಿ ಮಾತು" ಅಂದ. "ನಂದು ಇ... ಇಂಗೆ." ತಾಯಿ ಬೇಡ ಬೇಡ ಎಂದು ಕಣ್ಣಲ್ಲೇ ಸನ್ನೆ ಮಾಡಿದರು. ಅವನು ಆ ಕಡೆ ನೋಡಲಿಲ್ಲ. "ಅ... ಅವತ್ತು ಬಾಯ್ ಬುಡ್ನಿಲ್ಲ. ಮೋಸ ಆಗ್ಬಾರ್ದು. ಅಕ್ಕ ಬರೀತಿರಾದು ಕೇ... ಕೇಸಲ್ಲ. ನಂಗೆ ತೊ... ತೊ... ತೊ..."

ಆ ಪದದಲ್ಲೇ ಸಿಕ್ಕಿಕೊಂಡ. ಕುತ್ತಿಗೆಯ ನರ ಉಬ್ಬಿತು, ಕಣ್ಣು ಮುಚ್ಚಿದ. ಅಲ್ಲಿದ್ದ ಎಲ್ಲರಿಗೂ ಆ ಪದ ಯಾವುದೆಂದು ಗೊತ್ತಿತ್ತು. ತಾಯಿಯ ತುಟಿ ಅಲುಗಿತು. ನನ್ನ ಬಾಯಲ್ಲಿ ಪದ ಸಿದ್ಧವಾಗಿ ಕೂತಿತ್ತು, ದೇವರಾಣೆ, ಇನ್ನೇನು ಹಾರಿಬಿಡಬೇಕು. ಅಷ್ಟರಲ್ಲಿ ಬಾಗಿಲ ಹತ್ತಿರದಿಂದ ಹುಡುಗಿ ನನ್ನ ಕಡೆಗೆ ಅಂಗೈ ಚಾಚಿ ತಡೆದಳು. ಅವಳು ನನ್ನನ್ನು ನೋಡುತ್ತಿರಲಿಲ್ಲ, ಅವನನ್ನೇ ನೋಡುತ್ತಿದ್ದಳು. ಎಲ್ಲರೂ ಕಾದೆವು. ಬಹಳ ಹೊತ್ತಾಯಿತು.

"ತೊದ್ಲು" ಅಂದ ಅವನು. ಅಂದು ಕಣ್ಣು ಬಿಟ್ಟ. "ಅದ್ನೇ ಬರೀತಾವ್ರ."

ಹುಡುಗಿಯ ತಂದೆ ಮೀಸೆ ಸವರಿಕೊಂಡು ಯೋಚಿಸಿದರು. ಕೆಟ್ಟ ಮನುಷ್ಯರಲ್ಲ, ಅವರ ದನಿಯಲ್ಲಿ ಕನಿಕರವೇ ಇತ್ತು. "ಅಲ್ಲಪ್ಪ, ಈಗ ಕೂಗ್ದಲ್ಲ, ಎಷ್ಟು ಚೆಂದಾಗ್ ಬಂತು! ಯಾವಾಗ್ಲೂ ಹಂಗೇ ಮಾತಾಡ್ಬುಟ್ರ ಆಯ್ತಲ್ಲ?"

ಅವನು ತಲೆ ತಗ್ಗಿಸಿದ. ಹೂಂ ಅನ್ನಲಿಲ್ಲ.

ಹುಡುಗಿ ಬಾಗಿಲು ಬಿಟ್ಟು ಎರಡು ಹೆಜ್ಜೆ ಈಚೆ ಬಂದಳು. "ಬ್ಯಾಡ ಕಣಪ್ಪ" ಅಂದಳು. "ಅದು ಊರ್ಗೆಲ್ಲ ಕೇಳ್ಲಿ ಅಂತ ಕೂಗಾದು. ನನ್ ಜೊತ ಹಿಂಗೇ ಮಾತಾಡ್ಲಿ. ನಾನು ಪಕ್ಕದಲ್ಲೇ ಇರ್ತೀನಲ್ಲ."